ರೀಚ್ ಟು ರಿಕವರಿ

ರೀಚ್ ಟು ರಿಕವರಿ ಎಂಬುದು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಚೇತರಿಸಿಕೊಂಡ ಮಹಿಳೆಯರು, ಅದೇ ರೋಗಕ್ಕೆ ಹೊಸದಾಗಿ ಒಳಗಾದ ಮಹಿಳೆಯರನ್ನು ಭೇಟಿಯಾಗಿ ಧೈರ್ಯ ಹಾಗೂ ಮಾಹಿತಿ ನೀಡುವ ಸ್ವಯಂಸೇವಾ ಕಾರ್ಯಕ್ರಮ. ಇದನ್ನು 1952ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಟೆರೀಸ್ ಲಾಸರ್ ಅವರು ಆರಂಭಿಸಿದರು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಇದನ್ನು ತನ್ನ ಕಾರ್ಯಕ್ರಮವನ್ನಾಗಿ ಸ್ವೀಕರಿಸಿತು. ಮುಂದೆ ಯುರೋಪಿಗೂ ಇತರ ಖಂಡಗಳಿಗೂ ಹಬ್ಬಿದ ಇದು, ರೋಗಿಗಳೇ ರೋಗಿಗಳಿಗೆ ನೆರವಾಗುವ ಪದ್ಧತಿಯ ಆರಂಭಿಕ ಮಾದರಿಗಳಲ್ಲಿ ಒಂದೆಂದು ಪರಿಗಣಿಸಲ್ಪಟ್ಟಿದೆ.

ಹೆಸರಿನ ಭಾವಾರ್ಥ 'ಚೇತರಿಕೆಯತ್ತ ಕೈಚಾಚು' ಎಂದಾಗುತ್ತದೆ. ಇದು ಬರಿಯ ಅಲಂಕಾರದ ಮಾತಲ್ಲ. ಆ ಕಾಲದ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಗೆ ಆ ಬದಿಯ ತೋಳನ್ನು ತಲೆಯ ಮಟ್ಟಕ್ಕೆ ಎತ್ತುವುದೇ ದೊಡ್ಡ ಸಾಹಸವಾಗಿತ್ತು.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು ರೂಢಿಗೆ ತಂದ ಸಂಪೂರ್ಣ ಸ್ತನಛೇದನವು ಸುಮಾರು ಎಂಟು ದಶಕಗಳ ಕಾಲ ಸ್ತನ ಕ್ಯಾನ್ಸರಿನ ಮುಖ್ಯ ಚಿಕಿತ್ಸೆಯಾಗಿತ್ತು. ಇದರಲ್ಲಿ ಸ್ತನದ ಜೊತೆಗೆ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆದುಹಾಕಲಾಗುತ್ತಿತ್ತು. ಎದೆ ತಗ್ಗಾಗಿ ಪಕ್ಕೆಲುಬುಗಳು ಚರ್ಮದ ಕೆಳಗೆ ಎದ್ದು ಕಾಣುತ್ತಿದ್ದವು. ತೋಳು ಬಿಗಿದುಕೊಳ್ಳುತ್ತಿತ್ತು, ಅನೇಕರಲ್ಲಿ ಊದಿಕೊಳ್ಳುತ್ತಿತ್ತು. ಗಂಟಿನ ಪರೀಕ್ಷೆ ಮತ್ತು ಸ್ತನಛೇದನ ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸುವ ಪದ್ಧತಿಯೂ ಇತ್ತು. ಆದುದರಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವ ಮಹಿಳೆಗೆ, ಎಚ್ಚರವಾದಾಗ ತನ್ನ ಸ್ತನ ಉಳಿದಿರುತ್ತದೆಯೋ ಇಲ್ಲವೋ ಎಂಬುದು ಮೊದಲೇ ತಿಳಿದಿರುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯಾದ ಮೇಲೆ ಏನು ಮಾಡಬೇಕು, ಯಾವ ಬಟ್ಟೆ ತೊಡಬೇಕು, ಕೈಯನ್ನು ಎಷ್ಟು ಆಡಿಸಬಹುದು, ಗಂಡನ ಎದುರು ಹೇಗೆ ನಿಲ್ಲಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರು ವಿರಳವಾಗಿದ್ದರು. ರೋಗದ ಹೆಸರನ್ನು ಬಹಿರಂಗವಾಗಿ ಆಡುವುದೇ ಅಸಭ್ಯವೆನಿಸಿದ್ದ ಕಾಲವದು. 1950ರ ದಶಕದ ಆರಂಭದಲ್ಲಿ ಫ್ಯಾನಿ ರೋಸೆನೌ ಎಂಬ ಮಹಿಳೆ, ಸ್ತನ ಕ್ಯಾನ್ಸರಿಗೆ ಒಳಗಾದವರ ಸಭೆಯೊಂದರ ಬಗ್ಗೆ ಜಾಹೀರಾತು ಕೊಡಲು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯನ್ನು ಸಂಪರ್ಕಿಸಿದಾಗ, 'ಸ್ತನ' ಎಂಬ ಪದವನ್ನಾಗಲಿ 'ಕ್ಯಾನ್ಸರ್' ಎಂಬ ಪದವನ್ನಾಗಲಿ ಮುದ್ರಿಸಲಾಗದೆಂದೂ, ಬೇಕಿದ್ದರೆ ಎದೆಗೂಡಿನ ರೋಗಗಳ ಕುರಿತ ಸಭೆ ಎಂದು ಹಾಕಬಹುದೆಂದೂ ಉತ್ತರ ದೊರೆತ ಪ್ರಸಂಗವು ಕ್ಯಾನ್ಸರ್ ಚರಿತ್ರೆಯ ಗ್ರಂಥಗಳಲ್ಲಿ ದಾಖಲಾಗಿದೆ. ಕನ್ನಡ ಓದುಗರಿಗೆ ಇದು ತೀರಾ ಅಪರಿಚಿತವೆನಿಸಲಾರದು. ಕನ್ನಡದಲ್ಲಿ 'ಎದೆ' ಎಂಬ ಒಂದೇ ಪದ ಎರಡೂ ಅರ್ಥಗಳನ್ನು ಹೊರುತ್ತದೆ. 'ಎದೆಯಲ್ಲಿ ಒಂದು ಗಂಟು' ಎಂಬಲ್ಲಿಗೆ ಮನೆಗಳಲ್ಲಿ ಮಾತು ನಿಲ್ಲುವುದುಂಟು.

ಟೆರೀಸ್ ಲಾಸರ್ ಮತ್ತು ಮೊದಲ ಭೇಟಿಗಳು

ಟೆರೀಸ್ ಲಾಸರ್ ಅವರು 1952ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಸಂಪೂರ್ಣ ಸ್ತನಛೇದನಕ್ಕೆ ಒಳಗಾದರು. ಗುಣವಾಗುವ ದಿನಗಳಲ್ಲಿ ತನ್ನ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ಸಿಗಲಿಲ್ಲವೆಂಬ ಅತೃಪ್ತಿಯೇ ಅವರನ್ನು ಇತರ ರೋಗಿಗಳ ಹಾಸಿಗೆಯ ಬಳಿಗೆ ಕರೆದೊಯ್ದಿತು. ಹಿಂದಿನ ದಿನವೋ ಮುನ್ನಾ ದಿನವೋ ಶಸ್ತ್ರಚಿಕಿತ್ಸೆಯಾದ ಮಹಿಳೆಯ ಕೋಣೆಗೆ ಅವರು ಅಂದವಾಗಿ ಉಡುಪು ಧರಿಸಿ ಹೋಗುತ್ತಿದ್ದರು. ತನಗೂ ಇದೇ ಆಗಿದೆ ಎಂದು ತಿಳಿಸಿ, ಎರಡರಲ್ಲಿ ಕೃತಕವಾದುದು ಯಾವುದೆಂದು ಊಹಿಸಲು ಹೇಳುತ್ತಿದ್ದರು. ಮಾತಿಗಿಂತ ಮೊದಲು ಸಾಕ್ಷ್ಯವನ್ನೇ ಕಣ್ಣೆದುರಿಗೆ ನಿಲ್ಲಿಸುವ ಈ ಕ್ರಮ ಎಷ್ಟೋ ಉಪದೇಶಗಳಿಗಿಂತ ಪರಿಣಾಮಕಾರಿಯಾಗಿತ್ತು.

ಅವರು ಜೊತೆಗೆ ಒಯ್ಯುತ್ತಿದ್ದ ಸಾಮಗ್ರಿ ಸರಳವಾದುದು: ಒಳ ಉಡುಪಿನಲ್ಲಿ ಇರಿಸಿಕೊಳ್ಳಬಹುದಾದ ಮೆತ್ತನೆಯ ತಾತ್ಕಾಲಿಕ ಕೃತಕ ಸ್ತನ, ತೋಳಿನ ವ್ಯಾಯಾಮಕ್ಕಾಗಿ ದಾರ ಕಟ್ಟಿದ ಚೆಂಡು, ಒಂದು ಕೈಪಿಡಿ. ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಮೆಲ್ಲನೆ ಮೇಲೇರಿಸುತ್ತಾ ಹೋಗುವ ವ್ಯಾಯಾಮವೂ ಅದರಲ್ಲಿತ್ತು. ನಿನ್ನೆ ಬೆರಳು ಮುಟ್ಟಿದ ಜಾಗಕ್ಕಿಂತ ಇಂದು ಸ್ವಲ್ಪ ಮೇಲೆ ತಲುಪಿದರೆ ಅದೇ ಆ ದಿನದ ಗಳಿಕೆ. ಈ ಬಗೆಯ ಗೋಡೆ ವ್ಯಾಯಾಮವನ್ನು ಇಂದಿಗೂ ಭೌತಚಿಕಿತ್ಸಕರು ಹೇಳಿಕೊಡುತ್ತಾರೆ.

ಶಸ್ತ್ರವೈದ್ಯರೆಲ್ಲರೂ ಇದನ್ನು ಸ್ವಾಗತಿಸಲಿಲ್ಲ. ವೈದ್ಯಕೀಯ ಶಿಕ್ಷಣವಿಲ್ಲದ ಮಹಿಳೆಯೊಬ್ಬಳು ಅನುಮತಿಯಿಲ್ಲದೆ ತಮ್ಮ ರೋಗಿಗಳೊಂದಿಗೆ ಮಾತನಾಡುವುದು ಅವರಲ್ಲಿ ಕೆಲವರಿಗೆ ಅಧಿಕಪ್ರಸಂಗವಾಗಿ ಕಂಡಿತು. ಲಾಸರ್ ಹಿಂಜರಿಯಲಿಲ್ಲ. ಆದರೆ ಕಾರ್ಯಕ್ರಮವು ದೊಡ್ಡ ಸಂಸ್ಥೆಯೊಂದರ ಭಾಗವಾದ ಮೇಲೆ ಅದಕ್ಕೆ ಕಟ್ಟುನಿಟ್ಟಿನ ನಿಯಮಗಳು ಬಂದವು. ಚಿಕಿತ್ಸೆ ನೀಡುವ ವೈದ್ಯರ ಒಪ್ಪಿಗೆಯಿಲ್ಲದೆ ಸ್ವಯಂಸೇವಕಿ ರೋಗಿಯನ್ನು ಕಾಣುವಂತಿರಲಿಲ್ಲ. ಯಾವ ಚಿಕಿತ್ಸೆ ಸರಿ, ಯಾವ ವೈದ್ಯರು ಉತ್ತಮರು ಎಂಬ ವಿಷಯವನ್ನು ಆಕೆ ಎತ್ತುವಂತಿರಲಿಲ್ಲ. ಈ ನಿಯಮಗಳಿಂದಾಗಿ ಆಸ್ಪತ್ರೆಗಳ ಬಾಗಿಲು ತೆರೆಯಿತು. ಅದಕ್ಕೆ ತೆತ್ತ ಬೆಲೆ ಮುಂದಿನ ದಶಕದಲ್ಲಿ ಗೋಚರಿಸಿತು.

1970ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ನೆಲೆಸಿದ್ದ ಫ್ರಾನ್ಸೀನ್ ತಿಮೋತಿ ಅವರ ಪ್ರಯತ್ನದಿಂದ ಈ ಮಾದರಿ ಯುರೋಪಿಗೆ ಬಂದಿತು. ಫ್ರಾನ್ಸಿನಲ್ಲಿ ಇದು 'ವಿವ್ರ್ ಕೊಮ್ ಅವಾಂ' ಎಂಬ ಹೆಸರಿನಲ್ಲಿ ನಡೆಯುತ್ತದೆ. 'ಮೊದಲಿನಂತೆಯೇ ಬಾಳುವುದು' ಎಂದು ಅದರ ಅರ್ಥ.

ಟೀಕೆ

'ಮೊದಲಿನಂತೆಯೇ' ಎಂಬ ಈ ಮಾತೇ ವಾದಕ್ಕೆ ಎಡೆಗೊಟ್ಟಿತು. ಅಮೆರಿಕದ ಕಪ್ಪು ಜನಾಂಗದ ಕವಯಿತ್ರಿ ಆಡ್ರೆ ಲಾರ್ಡ್ ಅವರು 1978ರಲ್ಲಿ ಸ್ತನಛೇದನಕ್ಕೆ ಒಳಗಾದರು. 1980ರಲ್ಲಿ ಪ್ರಕಟವಾದ ತಮ್ಮ 'ದ ಕ್ಯಾನ್ಸರ್ ಜರ್ನಲ್ಸ್' ಕೃತಿಯಲ್ಲಿ ಅವರು ರೀಚ್ ಟು ರಿಕವರಿಯ ಸ್ವಯಂಸೇವಕಿಯೊಬ್ಬರ ಭೇಟಿಯನ್ನು ವಿವರಿಸಿದ್ದಾರೆ. ಬಂದವರು ಸಹೃದಯರೇ ಆಗಿದ್ದರು. ಆದರೆ ಅವರು ತಂದ ಉಣ್ಣೆಯ ಕೃತಕ ಸ್ತನ ನಸುಗೆಂಪು ಬಣ್ಣದ್ದಾಗಿತ್ತು, ಲಾರ್ಡ್ ಅವರ ಮೈಬಣ್ಣಕ್ಕೆ ಹೊಂದುವಂಥದಲ್ಲ. ಮಹಿಳೆಯರನ್ನು ಪ್ರೀತಿಸುವ ತಮ್ಮ ಬದುಕಿನ ಪ್ರಶ್ನೆಗಳಿಗೆ, ಪುರುಷರಿಗೆ ಆಕರ್ಷಕವಾಗಿ ಕಾಣುವ ಬಗೆಯ ಮಾತು ಉತ್ತರವಾಗಿರಲಿಲ್ಲ. ಅನಂತರ ಶಸ್ತ್ರವೈದ್ಯರ ಚಿಕಿತ್ಸಾಲಯಕ್ಕೆ ಅವರು ಕೃತಕ ಸ್ತನವಿಲ್ಲದೆ ಹೋದಾಗ, ಅದನ್ನು ಧರಿಸದಿದ್ದರೆ ಅಲ್ಲಿಗೆ ಬರುವ ಇತರರ ಸ್ಥೈರ್ಯ ಕುಂದುತ್ತದೆ ಎಂದು ದಾದಿ ಹೇಳಿದರು.

ಲಾರ್ಡ್ ಅವರ ಆಕ್ಷೇಪದ ತಿರುಳು ಇಲ್ಲಿದೆ. ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬಳೂ ಏನೂ ಆಗಿಲ್ಲವೆಂಬಂತೆ ಹೊರಗೆ ಬಂದರೆ, ಹೊಸದಾಗಿ ರೋಗಕ್ಕೆ ಒಳಗಾದವಳಿಗೆ ತನ್ನಂಥವರು ಎಲ್ಲಿಯೂ ಕಾಣುವುದಿಲ್ಲ. ಪರಸ್ಪರ ಗುರುತಿಸಲಾಗದವರು ಪರಸ್ಪರ ನೆರವಾಗುವುದಾದರೂ ಹೇಗೆ? ಕೃತಕ ಸ್ತನವನ್ನು ಬಯಸುವವರ ಆಯ್ಕೆಯನ್ನು ಅವರು ಅಲ್ಲಗಳೆಯಲಿಲ್ಲ. ದುಃಖಪಡುವುದಕ್ಕೂ ಯೋಚಿಸುವುದಕ್ಕೂ ಮೊದಲೇ ಅದನ್ನು ಕೈಗಿಡುವ ಆತುರವನ್ನು ಪ್ರಶ್ನಿಸಿದರು. ಲಾಸರ್ ಅವರ ಕಾಲಕ್ಕೆ ಕೃತಕ ಸ್ತನವು ಮನೆಯಿಂದ ಹೊರಬರುವ ಧೈರ್ಯದ ಸಾಧನವಾಗಿತ್ತು. ಕಾಲು ಶತಮಾನದ ತರುವಾಯ ಅದೇ ವಸ್ತು ಮೌನದ ಸಾಧನವಾಗಿ ಕಂಡಿತು. ಇಬ್ಬರ ನಿಲುವನ್ನೂ ಅವರವರ ಕಾಲದ ಹಿನ್ನೆಲೆಯಲ್ಲಿ ಗ್ರಹಿಸುವುದು ಅಗತ್ಯ.

ಚಿಕಿತ್ಸೆಯ ವಿಷಯದಲ್ಲಿ ಮೌನ ವಹಿಸಬೇಕೆಂಬ ನಿಯಮವನ್ನು ಒಪ್ಪದ ಮಹಿಳೆಯರು ಬೇರೆ ದಾರಿಗಳನ್ನು ಹುಡುಕಿಕೊಂಡರು. 1974ರಲ್ಲಿ ರೋಗಕ್ಕೆ ಒಳಗಾದ ಪತ್ರಕರ್ತೆ ರೋಸ್ ಕುಶ್ನರ್ ಅವರು ಗಂಟಿನ ಪರೀಕ್ಷೆಯನ್ನೂ ಸ್ತನಛೇದನವನ್ನೂ ಬೇರ್ಪಡಿಸಿ, ನಡುವೆ ಮಹಿಳೆಗೆ ನಿರ್ಧರಿಸುವ ಅವಕಾಶ ನೀಡಬೇಕೆಂದು ಹೋರಾಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮ್ಮ ಸ್ತನಛೇದನದ ವಿಷಯವನ್ನು ಬಹಿರಂಗಪಡಿಸಿದ್ದರಿಂದ ಪತ್ರಿಕೆಗಳ ಸಂಕೋಚ ಬಹುಮಟ್ಟಿಗೆ ಕಳೆಯಿತು. 1978ರಲ್ಲಿ ಷಿಕಾಗೊ ಪ್ರದೇಶದಲ್ಲಿ ಇಬ್ಬರು ರೋಗಿಗಳು ಆರಂಭಿಸಿದ 'ವೈ-ಮಿ' ಸಂಘಟನೆಯು ದೂರವಾಣಿಯ ಮೂಲಕ ಮಾಹಿತಿ ನೀಡತೊಡಗಿ, 2012ರಲ್ಲಿ ಮುಚ್ಚುವವರೆಗೂ ಆ ಕೆಲಸವನ್ನು ನಡೆಸಿತು. 1985ರಲ್ಲಿ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರ ಅಧ್ಯಯನವು, ಆರಂಭಿಕ ಹಂತದ ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ನೀಡಿದರೂ ಬದುಕುಳಿಯುವ ಪ್ರಮಾಣ ಕುಗ್ಗುವುದಿಲ್ಲವೆಂದು ತೋರಿಸಿದ ಬಳಿಕ, ಆಯ್ಕೆಯ ಪ್ರಶ್ನೆಗೆ ವೈಜ್ಞಾನಿಕ ಬಲವೂ ದೊರೆಯಿತು.

ಬೆಂಬಲವು ಆಯುಷ್ಯವನ್ನು ಹೆಚ್ಚಿಸುತ್ತದೆಯೇ?

ಈ ಪ್ರಶ್ನೆ ವೈದ್ಯಲೋಕದಲ್ಲಿ ದೀರ್ಘ ಚರ್ಚೆಗೆ ಕಾರಣವಾಗಿದೆ. 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ರೋಗವು ದೇಹದ ಇತರ ಭಾಗಗಳಿಗೆ ಹರಡಿದ್ದ 86 ಮಹಿಳೆಯರನ್ನು ಒಳಗೊಂಡಿತ್ತು. ಒಂದು ವರ್ಷ ಕಾಲ ವಾರಕ್ಕೊಮ್ಮೆ ಗುಂಪಾಗಿ ಸೇರಿ ಸಾವು, ಭಯ, ಸಂಸಾರ, ನೋವುಗಳ ಬಗ್ಗೆ ಮನಬಿಚ್ಚಿ ಮಾತನಾಡಿದವರು ಸರಾಸರಿ 36.6 ತಿಂಗಳು ಬದುಕಿದರೆ, ಗುಂಪಿಗೆ ಸೇರದವರು 18.9 ತಿಂಗಳು ಬದುಕಿದರೆಂದು ಅದು ವರದಿ ಮಾಡಿತು. ಮನೋಬಲದಿಂದ ಕ್ಯಾನ್ಸರನ್ನು ಗೆಲ್ಲಬಹುದೆಂಬ ಜನಪ್ರಿಯ ನಂಬಿಕೆಗೆ ಈ ಅಂಕಿಗಳು ದೊಡ್ಡ ಪುಷ್ಟಿ ನೀಡಿದವು.

ಆದರೆ 2001ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ, 235 ಮಹಿಳೆಯರನ್ನು ಒಳಗೊಂಡ ಕೆನಡಾದ ಅಧ್ಯಯನದಲ್ಲಿ ಆಯುಷ್ಯದ ವ್ಯತ್ಯಾಸ ಕಂಡುಬರಲಿಲ್ಲ. 2007ರಲ್ಲಿ ಸ್ಪೀಗೆಲ್ ಅವರದೇ ಮರು ಅಧ್ಯಯನವೂ ಒಟ್ಟಾರೆಯಾಗಿ ಮೊದಲಿನ ಫಲಿತಾಂಶವನ್ನು ಸಮರ್ಥಿಸಲಿಲ್ಲ. ಗುಂಪಿಗೆ ಸೇರಿದವರ ಮಾನಸಿಕ ಕ್ಲೇಶವೂ ನೋವಿನ ಅನುಭವವೂ ಕಡಿಮೆಯಾಗಿದ್ದುದನ್ನು ಮಾತ್ರ ಕೆನಡಾದ ಅಧ್ಯಯನ ಗುರುತಿಸಿತು; ಆರಂಭದಲ್ಲಿ ಹೆಚ್ಚು ಕ್ಲೇಶದಲ್ಲಿದ್ದವರಿಗೇ ಹೆಚ್ಚು ಪ್ರಯೋಜನವಾಗಿತ್ತು. ರೋಗಿಗಳ ದೃಷ್ಟಿಯಿಂದ ಈ ತಿದ್ದುಪಡಿ ಉಪಕಾರಿಯಾದುದೇ. ಮನೋಬಲವೇ ಆಯುಷ್ಯವನ್ನು ನಿರ್ಧರಿಸುವುದಾದರೆ, ರೋಗ ಮರುಕಳಿಸಿದ ಮಹಿಳೆ ತನ್ನ ಧೈರ್ಯ ಸಾಲದೆ ಹೀಗಾಯಿತೆಂಬ ತಪ್ಪಿತಸ್ಥ ಭಾವವನ್ನೂ ಹೊರಬೇಕಾಗುತ್ತದೆ. ಗುಂಪುಗಳಲ್ಲಿ ಒಬ್ಬರು ತೀರಿಕೊಂಡಾಗ ಉಳಿದವರು ಎದುರಿಸುವ ಆಘಾತವೂ ಸಣ್ಣದಲ್ಲ.

ದೋಣಿಯಲ್ಲಿ ಒಂದಾದವರು

ಮಾತಿಗಿಂತ ಭಿನ್ನವಾದ ಪರಸ್ಪರ ನೆರವಿನ ರೂಪವೊಂದು 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿತು. ಕಂಕುಳಿನ ಗ್ರಂಥಿಗಳನ್ನು ತೆಗೆದವರು ತೋಳಿಗೆ ಶ್ರಮ ಕೊಟ್ಟರೆ ದುಗ್ಧರಸ ತುಂಬಿ ಬಾವು ಬರುತ್ತದೆಂದು ಆಗ ನಂಬಲಾಗಿತ್ತು. ಭಾರ ಎತ್ತಬಾರದು, ಬಿರುಸಿನ ಕೆಲಸ ಕೂಡದು ಎಂಬುದೇ ಸಾಮಾನ್ಯ ಸಲಹೆಯಾಗಿತ್ತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯ ಡಾನ್ ಮೆಕೆಂಜಿ ಅವರು ಈ ನಂಬಿಕೆಯನ್ನು ಪರೀಕ್ಷಿಸಲು 24 ಮಹಿಳೆಯರನ್ನು ಚೀನೀ ಸಂಪ್ರದಾಯದ ಡ್ರ್ಯಾಗನ್ ದೋಣಿಯಲ್ಲಿ ಹುಟ್ಟುಹಾಕಲು ತರಬೇತುಗೊಳಿಸಿದರು. ಯಾರಲ್ಲಿಯೂ ಹೊಸದಾಗಿ ಬಾವು ಕಾಣಿಸಿಕೊಳ್ಳಲಿಲ್ಲ. ಅಧ್ಯಯನದ ಅವಧಿ ಮುಗಿದರೂ ಮಹಿಳೆಯರು ದೋಣಿಯನ್ನು ಬಿಡಲಿಲ್ಲ. ಇಂದು ಇಂತಹ ತಂಡಗಳು ಹಲವು ದೇಶಗಳಲ್ಲಿವೆ. ಅವರ ಕೂಟಗಳಲ್ಲಿ ಸ್ಪರ್ಧೆ ಮುಗಿದ ಮೇಲೆ ದೋಣಿಗಳನ್ನು ಒತ್ತಾಗಿ ನಿಲ್ಲಿಸಿ, ಅಗಲಿದ ಸಂಗಾತಿಗಳ ನೆನಪಿಗೆ ನಸುಗೆಂಪು ಹೂಗಳನ್ನು ನೀರಿಗೆ ಬಿಡುವ ವಾಡಿಕೆಯಿದೆ.

ಭಾರತ ಮತ್ತು ಕರ್ನಾಟಕ

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಇದ್ದವೆಂದು ಅಂತರರಾಷ್ಟ್ರೀಯ ಅಂದಾಜು ತಿಳಿಸುತ್ತದೆ. ಬೆಂಗಳೂರಿನಲ್ಲಿಯೂ ಹಿಂದೆ ಮುಂದಿದ್ದ ಗರ್ಭಕೊರಳಿನ ಕ್ಯಾನ್ಸರನ್ನು ಇದು ಹಿಂದಿಕ್ಕಿದೆ.

ಚೇತರಿಸಿಕೊಂಡವರು ಹೊಸಬರನ್ನು ಕಾಣುವ ಲಾಸರ್ ಅವರ ಮಾದರಿಯ ಕೆಲಸ ಭಾರತದ ನಗರಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ನಡೆಯುತ್ತಿದೆ. ಹತ್ತಿಯ ನೂಲಿನಿಂದ ಹೆಣೆದ ಹಗುರ ಕೃತಕ ಸ್ತನಗಳನ್ನು ಸ್ವಯಂಸೇವಕಿಯರು ಉಚಿತವಾಗಿ ಒದಗಿಸುವುದೂ ಇದೆ. ಸಿಲಿಕೋನಿನವು ದುಬಾರಿ, ಸೆಕೆಯಲ್ಲಿ ಭಾರ. ಇಲ್ಲಿನ ಪರಿಸ್ಥಿತಿ ಮಾತ್ರ ನ್ಯೂಯಾರ್ಕಿನದಕ್ಕಿಂತ ಬೇರೆ. ಸೀರೆಯ ಸೆರಗು ಬಹಳಷ್ಟನ್ನು ಮುಚ್ಚುತ್ತದೆ, ಆದುದರಿಂದ ಹೊರನೋಟದ ಚಿಂತೆ ಕೆಲವರಿಗೆ ಕಡಿಮೆ. ಅದಕ್ಕಿಂತ ದೊಡ್ಡ ತೊಡಕೆಂದರೆ ರೋಗದ ಹೆಸರನ್ನು ರೋಗಿಗೇ ತಿಳಿಸದ ಮನೆಯವರು, ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ, ಅಂಟುರೋಗವೆಂಬ ತಪ್ಪು ತಿಳಿವಳಿಕೆ. ತನಗೆ ಏನಾಗಿದೆಯೆಂದೇ ಗೊತ್ತಿಲ್ಲದವಳನ್ನು ಯಾವ ಸ್ವಯಂಸೇವಕಿಯೂ ಮಾತನಾಡಿಸಲಾರಳು.

1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೆ ರಾಜ್ಯದ ದೂರದ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ವಿಕಿರಣ ಚಿಕಿತ್ಸೆಯು ವಾರಕ್ಕೆ ಐದು ದಿನಗಳಂತೆ ಹಲವು ವಾರ ನಡೆಯುವುದರಿಂದ, ಊರಿಗೆ ಹೋಗಿಬರಲಾಗದವರು ಧರ್ಮಶಾಲೆಗಳಲ್ಲಿ ತಂಗುತ್ತಾರೆ. ಇಂತಹ ತಾಣಗಳಲ್ಲಿ ನಡೆಯುವ ಪರಸ್ಪರ ನೆರವಿಗೆ ಹೆಸರಿಲ್ಲ, ನಿಯಮಾವಳಿಯೂ ಇಲ್ಲ. ಕೀಮೋಥೆರಪಿಯಿಂದ ಬಾಯಿ ಹುಣ್ಣಾದಾಗ ಖಾರ ಬಿಟ್ಟು ಗಂಜಿಯನ್ನೋ ಮೊಸರನ್ನವನ್ನೋ ಉಣ್ಣುವುದು, ಉದುರುವ ಕೂದಲನ್ನು ಮೊದಲೇ ಕತ್ತರಿಸಿಕೊಳ್ಳುವುದು, ವಿಕಿರಣ ತಾಗಿದ ಚರ್ಮಕ್ಕೆ ಒರಟು ರವಿಕೆ ತೊಡದಿರುವುದು, ಸರ್ಕಾರಿ ಯೋಜನೆಯ ಕಾಗದಗಳನ್ನು ಯಾವ ಕಿಟಕಿಯಲ್ಲಿ ಕೊಡಬೇಕೆಂಬುದು, ಇವೆಲ್ಲವೂ ಒಂದು ಸುತ್ತಿನ ಚಿಕಿತ್ಸೆ ಮುಂದಿರುವವಳಿಂದ ಹಿಂದಿರುವವಳಿಗೆ ಬಾಯಿಮಾತಿನಲ್ಲಿ ದಾಟುತ್ತವೆ.