ಜೂನ್ ಒಂದರಂದು ಹುಟ್ಟಿದವರು

ಕರ್ನಾಟಕದ ಹಳ್ಳಿಗಳ ಹಳೆಯ ಶಾಲಾ ದಾಖಲಾತಿ ಪುಸ್ತಕಗಳನ್ನು ತಿರುವಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಎಷ್ಟೋ ಮಕ್ಕಳು ಹುಟ್ಟಿರುವುದು ಜೂನ್ 1ರಂದೇ! ಕಾರಣ ಸರಳ. ಶಾಲೆ ಶುರುವಾಗುತ್ತಿದ್ದುದು ಜೂನ್‌ನಲ್ಲಿ. ಮಗುವನ್ನು ಕರೆತಂದ ಹಿರಿಯರಿಗೆ ತಾರೀಖು ಗೊತ್ತಿರಲಿಲ್ಲ. 'ಊರ ತೇರಿನ ಮಾರನೆಯ ದಿನ' ಎಂದಷ್ಟೇ ಹೇಳುತ್ತಿದ್ದರು. ಸೇರ್ಪಡೆಗೆ ಬೇಕಾದ ವಯಸ್ಸು ತುಂಬುವಂತೆ ಮೇಷ್ಟ್ರು ಲೆಕ್ಕ ಹಾಕಿ ಒಂದು ದಿನಾಂಕ ಬರೆದರು. ಆ ಅಂದಾಜೇ ಮುಂದೆ ನೌಕರಿಗೂ ನಿವೃತ್ತಿಗೂ ಆಧಾರವಾಯಿತು. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ.

ಮನೆತನದ ಚರಿತ್ರೆ ಬರೆಯ ಹೊರಟವರು ಎಡವುವುದು ಇಲ್ಲಿಯೇ. ಮೊಹರು ಬಿದ್ದ ಕಾಗದವೆಂದರೆ ಸತ್ಯವೆಂಬ ನಂಬಿಕೆ ಅವರದು. ಆದರೆ ಒಂದೇ ದಾಖಲೆ ಒಂದು ಸಂಗತಿಗೆ ಗಟ್ಟಿ ಸಾಕ್ಷಿ, ಇನ್ನೊಂದಕ್ಕೆ ಬರೀ ಬಾಯಿಮಾತು. ಮಗು ಶಾಲೆಗೆ ಸೇರಿದ ದಿನ ಮೇಷ್ಟ್ರ ಕಣ್ಣೆದುರಿನದು. ಹುಟ್ಟಿದ ದಿನ ಹಾಗಲ್ಲ. ಮರಣ ಪತ್ರದಲ್ಲಿ ಸತ್ತ ದಿನವನ್ನು ನಂಬಬಹುದು. ವಯಸ್ಸು ಮಾತ್ರ ದುಃಖದಲ್ಲಿದ್ದ ನೆಂಟರು ಹೇಳಿದ್ದು. ಪಹಣಿಯಲ್ಲಂತೂ ಪೌತಿ ಖಾತೆಯಾಗದಿದ್ದರೆ ಎಂದೋ ತೀರಿಕೊಂಡ ಅಜ್ಜ ಇನ್ನೂ ಜಮೀನಿನ ಒಡೆಯನಾಗಿಯೇ ಇರುತ್ತಾನೆ.

ಸರಕಾರಿ ಕಡತವನ್ನು ಬಿಟ್ಟು ಮನೆಯ ಜಾತಕವನ್ನು ಹಿಡಿದರೂ ತೊಡಕು ತಪ್ಪದು. ಅದರಲ್ಲಿ 'ಪ್ಲವ ಸಂವತ್ಸರ, ಶ್ರಾವಣ ಮಾಸ' ಎಂದಷ್ಟೇ ಇದ್ದು ಶಕವರ್ಷ ಇಲ್ಲದಿದ್ದರೆ ಅದು 1901 ಆಗಬಹುದು, 1961 ಕೂಡ ಆಗಬಹುದು. ಸಂವತ್ಸರ ಚಕ್ರ ಮರಳುವುದು 60 ವರ್ಷಕ್ಕೊಮ್ಮೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದೂ ನಮ್ಮಲ್ಲಿ ರೂಢಿ. ಸಂವತ್ಸರವೂ ಹೆಸರೂ ಒಂದೇ ಆದಾಗ ಇಬ್ಬರು ಸೇರಿ ಒಬ್ಬರಾಗುತ್ತಾರೆ. ವಂಶವೃಕ್ಷದಿಂದ ಒಂದು ಜೀವವೇ ಅಳಿಸಿಹೋಗುತ್ತದೆ.

ಇದಕ್ಕೆ ಮದ್ದು ದುಬಾರಿಯದಲ್ಲ. ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಬರೆಯಬೇಕು: ಯಾವ ಕಚೇರಿಯ ಯಾವ ಪುಸ್ತಕ, ಎಷ್ಟನೆಯ ಪುಟ, ನೋಡಿದ ದಿನ ಯಾವುದು. ಹಿರಿಯರು ಹೇಳಿದ್ದಾದರೆ ಯಾರು ಹೇಳಿದರು, ಅವರು ಕಂಡದ್ದೋ ಕೇಳಿದ್ದೋ. ಎತ್ತಿನೊಡನೆ ಮನೆ ಬಾಗಿಲಿಗೆ ಬಂದು ತಲೆಮಾರುಗಳ ಹೆಸರು ಹೇಳುವ ಹೆಳವರ ಮಾತಿಗೂ ಇದೇ ನಿಯಮ. ಎರಡು ದಾಖಲೆಗಳು ಹೊಂದದಿದ್ದರೆ ಒಂದನ್ನು ಹೊಡೆದುಹಾಕದೆ ಎರಡನ್ನೂ ಉಳಿಸಿಕೊಳ್ಳಬೇಕು. ಮೂಲದಲ್ಲಿ ಹೆಸರು ತಪ್ಪಾಗಿದ್ದರೆ ಅದನ್ನು ಇದ್ದಂತೆಯೇ ನಕಲು ಮಾಡಿ, ತಿದ್ದುಪಡಿಯನ್ನು ಬೇರೆಯಾಗಿ ಬರೆಯುವುದು ಲೇಸು.

ಹೀಗೆ ಮಾಡದಿದ್ದರೆ ಮೇಷ್ಟ್ರ ಅಂದಾಜನ್ನು ಮಗ ನಕಲು ಮಾಡುತ್ತಾನೆ, ಮೊಮ್ಮಗ ಅದನ್ನು ಅಚ್ಚು ಹಾಕಿಸುತ್ತಾನೆ. ಮೂರನೆಯ ತಲೆಮಾರಿಗೆ ಅದನ್ನು ಪ್ರಶ್ನಿಸುವವರೇ ಇರುವುದಿಲ್ಲ. ಮೂಲವನ್ನು ಬರೆದಿಟ್ಟಿದ್ದರೆ ಮಾತ್ರ ಮುಂದೆ ಯಾರಾದರೂ ಆ ಪುಟಕ್ಕೆ ಮರಳಿ ಹೋಗಿ, ಅಜ್ಜ ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ಮತ್ತೆ ಹುಡುಕಬಹುದು.