ಖಾಲಿ ಸೀಸೆಗೆ ಖಣದ ಕುಪ್ಪಸ

ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಸೀಸೆ ಒಯ್ಯಬೇಕಿದ್ದ ಕಾಲವೊಂದಿತ್ತು. ಕಾಂಪೌಂಡರು ಅದಕ್ಕೆ ಬಣ್ಣದ ಮಿಕ್ಸ್ಚರ್ ಸುರಿದು, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಮೈಗೆ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧ. ಜ್ವರ ಇಳಿದ ಮೇಲೆ ಪಟ್ಟಿ ಕಿತ್ತು ತೊಳೆದರೆ ಅದೇ ಸೀಸೆ ಹರಳೆಣ್ಣೆಗಾಯಿತು. ಕೊರಳಿಗೆ ದಾರ ಬಿಗಿದರೆ ಸೀಮೆಎಣ್ಣೆ ಸರದಿಗಾಯಿತು. ಇಂಕಿನ ಬುಡ್ಡಿ ಬರಿದಾದರೆ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಇಳಿಸುತ್ತಿದ್ದರು, ರಾತ್ರಿಯ ದೀಪಕ್ಕೆ. ಅಂಥ ಸೀಸೆಗೆ ಬಟ್ಟೆ ಅಂಟಿಸಿ ಶೋಕೇಸಿನಲ್ಲಿಡುವ ಯೋಚನೆ ಯಾರಿಗೆ ತಾನೇ ಬಂದೀತು?

ಇಂದು ಮಹಿಳಾ ಸಂಘದ ಪ್ರದರ್ಶನಕ್ಕೋ ಶಾಲೆಯ ‘ಕಸದಿಂದ ರಸ’ ಸ್ಪರ್ಧೆಗೋ ಹೋದರೆ ಬಟ್ಟೆ ತೊಟ್ಟ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಇದನ್ನು ಮಿತವ್ಯಯದ ಕಲೆ ಎಂದು ಹೊಗಳುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಮಿತವ್ಯಯ ನಿಜಕ್ಕೂ ಇದ್ದ ದಿನಗಳಲ್ಲಿ ಈ ಕಲೆ ಇರಲಿಲ್ಲ. ಗಾಜು ಅಗ್ಗವಾಗಿ, ಖಾಲಿ ಬಾಟಲಿ ಯಾರಿಗೂ ಬೇಡವಾದ ಮೇಲೆ ಇದು ಹುಟ್ಟಿತು.

ಇಂಗ್ಲೆಂಡಿನಲ್ಲಿ ಆದದ್ದೂ ಹೀಗೆಯೇ. ಅಲ್ಲಿ 1745ರಲ್ಲಿ ಗಾಜಿಗೆ ತೂಕದ ಲೆಕ್ಕದಲ್ಲಿ ತೆರಿಗೆ ಬಿತ್ತು. ಅದು ರದ್ದಾಗಲು ಸುಮಾರು ನೂರು ವರ್ಷ ಹಿಡಿಯಿತು. 1845ರಲ್ಲಿ ತೆರಿಗೆ ಹೋಯಿತು, 1851ರಲ್ಲಿ ಲಂಡನ್ನಿನಲ್ಲಿ ಗಾಜಿನದೇ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. ಅದೇ ದಶಕದಲ್ಲಿ ಫ್ರಾನ್ಸಿನಿಂದ ‘ಪೊಟಿಶೊಮೇನಿ’ ಎಂಬ ಗೀಳು ಬಂದು ಮಧ್ಯಮ ವರ್ಗದ ಹೆಂಗಸರಿಗೆ ಅಂಟಿಕೊಂಡಿತು. ಬಣ್ಣದ ಚಿತ್ರಗಳ ಹಾಳೆ ತಂದು, ಹೂವು, ಹಕ್ಕಿ, ಚೀನೀ ಕೊಡೆಗಳನ್ನು ಕತ್ತರಿಸಿ, ಗಾಜಿನ ಹೂದಾನಿಯ ಒಳಮೈಗೆ ಅಂಟಿಸುವುದು. ಅದು ಒಣಗಿದ ಮೇಲೆ ಒಳಗೆಲ್ಲ ಒಂದೇ ಬಣ್ಣ ಬಳಿಯುವುದು. ಹೊರಗಿನಿಂದ ನೋಡಿದವರು ಪಿಂಗಾಣಿ ಎಂದುಕೊಳ್ಳಬೇಕು, ಅಷ್ಟೇ ಆಸೆ. ನಿಜವಾದ ಚೀನೀ ಪಿಂಗಾಣಿಯ ಬೆಲೆ ಕೈಗೆಟುಕುತ್ತಿರಲಿಲ್ಲ. ಗಾಜು, ಗೋಂದು, ಬಿಡುವು ಎಟುಕುತ್ತಿದ್ದವು. ಅಮೆರಿಕದ ಮಹಿಳಾ ಪತ್ರಿಕೆಗಳೂ ಇದನ್ನು ಕಲಿಸಿಕೊಟ್ಟವು.

ಅದಕ್ಕೂ ಎಷ್ಟೋ ಮೊದಲು ಬಾಟಲಿ ಹೊರಗಿನಿಂದ ಏನನ್ನಾದರೂ ಸುತ್ತಿಕೊಂಡಿದ್ದರೆ ಅದು ಚಂದಕ್ಕಲ್ಲ. ಇಟಲಿಯ ಟಸ್ಕನಿಯಲ್ಲಿ ದುಂಡು ತಳದ ವೈನ್ ಬಾಟಲಿಗೆ ಹುಲ್ಲು ಹೆಣೆಯುತ್ತಿದ್ದುದು ಅದು ನೆಟ್ಟಗೆ ನಿಲ್ಲಲೆಂದು, ಗಾಡಿಯಲ್ಲಿ ಒಡೆಯದಿರಲೆಂದು. ಸಿಪಾಯಿಯ ನೀರಿನ ಬಾಟಲಿಗೆ ದಪ್ಪ ಬಟ್ಟೆ ಹೊಲಿದದ್ದು ನೀರು ತಂಪಾಗಿರಲೆಂದು. ಬಟ್ಟೆ ಒದ್ದೆ ಮಾಡಿದರೆ ಆವಿಯಾಗುವ ನೀರು ಒಳಗಿನ ಶಾಖವನ್ನು ಎಳೆದೊಯ್ಯುತ್ತದೆ.

1903ರಲ್ಲಿ ಅಮೆರಿಕದ ಟೊಲೆಡೊ ಊರಿನ ಮೈಕೆಲ್ ಓವೆನ್ಸ್ ಬಾಟಲಿ ತಯಾರಿಸುವ ಸ್ವಯಂಚಾಲಿತ ಯಂತ್ರವನ್ನು ನಡೆಸಿ ತೋರಿಸಿದ. ಬಾಯಿಂದ ಊದಿ ಮಾಡುತ್ತಿದ್ದ ಬಾಟಲಿ ಯಂತ್ರದಿಂದ ಸಾವಿರಗಟ್ಟಲೆ ಉದುರತೊಡಗಿತು. ಆದರೂ ನಮ್ಮಲ್ಲಿ ಬಹುಕಾಲ ಬಾಟಲಿ ಕೊಂಡವನದಾಗಲಿಲ್ಲ. ಹಾಲಿನ ಬಾಟಲಿ ತೊಳೆದಿಟ್ಟು, ಮರುದಿನ ಅದನ್ನು ಕೊಟ್ಟೇ ಹಾಲು ತರಬೇಕಿತ್ತು. ತಂಪುಪಾನೀಯವನ್ನು ಅಂಗಡಿಯ ಮುಂದೆಯೇ ನಿಂತು ಕುಡಿದು ಮುಗಿಸಬೇಕಿತ್ತು, ಮನೆಗೆ ಬೇಕಾದರೆ ಬಾಟಲಿಗೆ ಅಡ್ವಾನ್ಸ್ ಇಡಬೇಕಿತ್ತು. 1872ರಲ್ಲಿ ಹಿರಮ್ ಕಾಡ್ ಪೇಟೆಂಟ್ ಪಡೆದ ಗೋಲಿ ಸೋಡಾ ಬಾಟಲಿಯಂತೂ ಸೋಡಾ ಅಂಗಡಿಯವನ ಬಂಡವಾಳ. ಹುಡುಗರು ಗೋಲಿಯ ಆಸೆಗೆ ಅದನ್ನು ಒಡೆದರೆ ಬೈಗುಳ ಖಂಡಿತ. ಬಿಯರ್ ಬಾಟಲಿ ಇವತ್ತಿಗೂ ಹಳೇ ಸಾಮಾನಿನವನ ಚೀಲ ಸೇರಿ, ತೊಳೆಸಿಕೊಂಡು, ಮತ್ತೆ ಕಾರ್ಖಾನೆಗೆ ಹೋಗುತ್ತದೆ. ಮನೆಯಲ್ಲೇ ಉಳಿಯುತ್ತಿದ್ದದ್ದು ಹಾರ್ಲಿಕ್ಸ್ ಸೀಸೆ, ಸ್ಕ್ವಾಷ್ ಬಾಟಲಿಯಂಥವು. ಮೊದಲಿನದರಲ್ಲಿ ಉಪ್ಪಿನಕಾಯಿ, ಎರಡನೆಯದರಲ್ಲಿ ಫ್ರಿಜ್ಜಿನ ನೀರು. ಪ್ಲಾಸ್ಟಿಕ್ ಡಬ್ಬ, ಪ್ಲಾಸ್ಟಿಕ್ ಬಾಟಲಿ ಬಂದು ಆ ಎರಡೂ ಕೆಲಸಗಳನ್ನು ಕಸಿದುಕೊಂಡವು.

ಹೀಗೆ ಕೆಲಸ ಕಳೆದುಕೊಂಡ ಬಾಟಲಿಗೆ ತೊಡಿಸಲು ಬಟ್ಟೆಗೇನೂ ಬರವಿರಲಿಲ್ಲ. ಇರುವುದಕ್ಕೆಲ್ಲ ಹೊದಿಕೆ ಹಾಕುವ ಚಾಳಿ ನಮ್ಮ ಮನೆಗಳಿಗೆ ಮೊದಲೇ ಇತ್ತು: ರೇಡಿಯೋಗೆ ಕಸೂತಿಯ ಹೊದಿಕೆ, ಟೀವಿಗೆ ಕ್ರೋಶಾ, ಮಿಕ್ಸಿಗೊಂದು ಗವಸು, ಗ್ಯಾಸ್ ಸಿಲಿಂಡರಿಗೆ ಲಂಗ, ಕೊನೆಗೆ ಫ್ರಿಜ್ಜಿನ ಹಿಡಿಕೆಗೂ ಒಂದು ಅಂಗಿ. ಜೊತೆಗೆ ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಡುವ ರವಿಕೆ ಕಣ. ಈ ಕಣಗಳಲ್ಲಿ ಅರ್ಧಕ್ಕರ್ಧ ಹೊಲಿಗೆಯ ಮುಖ ಕಾಣದೆ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಅವುಗಳ ಅಲೆದಾಟಕ್ಕೆ ಬಾಟಲಿಯಾದರೂ ಒಂದು ಕೊನೆ ಕಾಣಿಸಿತು. ಗುಳೇದಗುಡ್ಡದ ಖಣವಂತೂ ಈ ಕೆಲಸಕ್ಕೆಂದೇ ನೇಯ್ದಂತಿದೆ. ಕಿರಿದಾದ ಅಗಲ, ಸಣ್ಣ ಬುಟ್ಟಾ, ಎದ್ದು ಕಾಣುವ ಅಂಚು; ಬಾಟಲಿಯ ಹೊಟ್ಟೆಗೆ ಸುತ್ತಿದರೆ ವಿನ್ಯಾಸ ತುಂಡಾಗುವುದಿಲ್ಲ.

ಇನ್ನು ಅಂಟು. ಮೈದಾಹಿಟ್ಟು ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಸೇರಿಸಿದ ಅಂಟು ಗೋಡೆಯ ಪೋಸ್ಟರಿಗೆ ಸಾಕು, ಗಾಜಿನ ಮೇಲೆ ಮಾತ್ರ ಒಣಗಿ ಸಿಪ್ಪೆಯಂತೆ ಏಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಬೇರೆ. ಪ್ರಾಣಿಗಳ ಮೂಳೆ, ಚರ್ಮ ಬೇಯಿಸಿ ಮಾಡುತ್ತಿದ್ದ ಬಡಗಿಗಳ ‘ವಜ್ರ’ವೆಂಬ ಅಂಟನ್ನು ಅಡುಗೆಮನೆಯ ಹತ್ತಿರ ಬಿಡುವವರು ಯಾರು? 1959ರಲ್ಲಿ ಬಲವಂತ ಪಾರೇಖರ ಕಂಪನಿ ಫೆವಿಕಾಲ್ ತಂದದ್ದು ಆ ಬಡಗಿಗಳಿಗಾಗಿಯೇ. ಬಿಳಿ ಅಂಟು ಬಡಗಿಯ ಕೈಯಿಂದ ಮಕ್ಕಳ ಶಾಲಾ ಚೀಲಕ್ಕೆ, ಅಲ್ಲಿಂದ ತಾಯಂದಿರ ಬಿಡುವಿನ ವೇಳೆಗೆ ಜಾರಿತು.

ಇದರ ಗುಟ್ಟು ನೀರಿನಲ್ಲಿದೆ. ಪಾಲಿವಿನೈಲ್ ಅಸಿಟೇಟಿನ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಹೋದ ಮೇಲೆ ಅವು ಒಂದಕ್ಕೊಂದು ಬೆಸೆದು ಪಾರದರ್ಶಕ ಪೊರೆಯಾಗುತ್ತವೆ. ಮರ ಆ ನೀರನ್ನು ಕುಡಿಯುತ್ತದೆ, ಗಾಜು ಕುಡಿಯುವುದಿಲ್ಲ. ಹಾಗಾಗಿ ನೀರು ಬಟ್ಟೆಯ ಎಳೆಗಳ ನಡುವಿನಿಂದಲೇ ಹೊರಬೀಳಬೇಕು. ತೆಳು ಹತ್ತಿಬಟ್ಟೆ ಒಪ್ಪವಾಗಿ ಕೂರುವುದು, ನುಣುಪು ಪಾಲಿಯೆಸ್ಟರ್ ಗುಳ್ಳೆಯೇಳುವುದು ಇದಕ್ಕೇ. ಬಾಟಲಿಯನ್ನು ಮೊದಲು ಸೋಪಿನಲ್ಲಿ ತೊಳೆದು ಎಣ್ಣೆಪಸೆ ತೆಗೆಯಬೇಕು. ಕೊರಳಿನ ಹತ್ತಿರ ಬಟ್ಟೆಗೆ ಸಣ್ಣ ಸಣ್ಣ ಸೀಳು ಕೊಡಬೇಕು, ಇಲ್ಲವಾದರೆ ನಿರಿಗೆ ನಿಲ್ಲುತ್ತದೆ. ನಡುವಿನಿಂದ ಅಂಚಿನತ್ತ ಬೆರಳಲ್ಲಿ ಒತ್ತುತ್ತ ಹೋಗಬೇಕು. ಓಲ್ಡ್ ಮಂಕ್ ರಮ್ ಬಾಟಲಿಯ ಉಬ್ಬುತಗ್ಗಿನ ಮೈ ಹೊಸಬರನ್ನು ಸತಾಯಿಸುತ್ತದೆ.

ಆ ಬಾಟಲಿಯ ಹೆಸರೆತ್ತಿದ ಮೇಲೆ ಇದನ್ನೂ ಹೇಳಿಬಿಡಬೇಕು. ಆಕಾರದಲ್ಲಿ ಚೆಲುವಾದ ಬಾಟಲಿಗಳೆಲ್ಲ ಹೆಂಡದವು. ಹಜಾರದಲ್ಲಿ ಅತ್ತೆ, ಪುರೋಹಿತರು, ಮಕ್ಕಳ ಟೀಚರು ಕೂರುವ ಮನೆಯಲ್ಲಿ ಅದರ ಮೂಲ ಬಯಲಾಗಬಾರದು. ಅಂಚಿನಿಂದ ಅಂಚಿಗೆ ಬಟ್ಟೆ ಅಂಟಿಸುವ ಶ್ರದ್ಧೆಗೆ ಇದೂ ಒಂದು ಕಾರಣವೆಂದು ನನ್ನ ಗುಮಾನಿ. ಪಿಂಗಾಣಿಯಂತೆ ಕಾಣಿಸಲು ಹೆಣಗಿದ ಯುರೋಪಿನ ಹೆಂಗಸರಿಗೆ ಈ ತಾಪತ್ರಯವಿರಲಿಲ್ಲ.

ಬಟ್ಟೆ ತೊಟ್ಟ ಬಾಟಲಿಗೆ ಕೊಡಬಹುದಾದ ಒಳ್ಳೆಯ ಕೆಲಸ ಮನಿಪ್ಲಾಂಟ್. ಬರೀ ಗಾಜಿನಲ್ಲಿ ಬೆಳಕು ಬಿದ್ದು ನೀರು ಪಾಚಿಗಟ್ಟುತ್ತದೆ. ದಪ್ಪ ಬಟ್ಟೆ ಬೆಳಕನ್ನು ತಡೆದರೆ ಬೇರಿಗೂ ಹಿತ, ನೀರೂ ತಿಳಿ. ಹೊರಮೈಗೆ ನೀರು ಸೋಕದಂತೆ ವಾರ್ನಿಷ್ ಬಳಿದಿರಬೇಕು ಅಷ್ಟೆ. ಈಗ ಕೆಲವು ಕರಕುಶಲ ಸಾಮಗ್ರಿಯ ಅಂಗಡಿಗಳು ಹೊಸ ಖಾಲಿ ಬಾಟಲಿಯನ್ನೂ, ಕತ್ತರಿಸಿದ ಬಟ್ಟೆಯನ್ನೂ ಸೇರಿಸಿ ಪೊಟ್ಟಣ ಕಟ್ಟಿ ಮಾರುತ್ತಿವೆ. ಅದನ್ನು ಕೊಳ್ಳುವುದಕ್ಕಿಂತ ಅಟ್ಟ ಹುಡುಕುವುದು ವಾಸಿ. ಬಟ್ಟೆ ತೊಟ್ಟು ಬಣ್ಣ ಮಾಸಿದ ಹಳೆಯ ಬಾಟಲಿ ಅಲ್ಲಿ ಸಿಕ್ಕರೆ ಒಂದು ರಾತ್ರಿ ಬಿಸಿನೀರಿನಲ್ಲಿ ಮುಳುಗಿಸಿಡಿ. ವಾರ್ನಿಷ್ ಬಳಿದಿದ್ದರೆ ಮೊದಲು ಅಲ್ಲಲ್ಲಿ ಕೆರೆಯಬೇಕು. ಅಂಟು ಬಿಳುಚಿ, ಮೆತ್ತಗಾಗಿ, ಬಟ್ಟೆ ಸುಲಿದು ಬರುತ್ತದೆ. ಹಳೇ ಸಾಮಾನಿನವನು ಬೇಡವೆನ್ನುವುದು ಬಟ್ಟೆಯಂಟಿದ ಬಾಟಲಿಯನ್ನು. ಸುಲಿದದ್ದನ್ನು ಅವನಿಗೂ ಕೊಡಬಹುದು, ಮನಸ್ಸಿದ್ದರೆ ಇನ್ನೊಂದು ರವಿಕೆ ಕಣ ತೊಡಿಸಲೂಬಹುದು.