ಅಕಾಲಮರಣದ ನಷ್ಟಪರಿಹಾರ ಮತ್ತು ಅಳಿಯಸಂತಾನದ ಕುಟುಂಬ: ಬೆಟ್ಟಂಪಾಡಿ ಪರಿಸರದ ಹಿನ್ನೆಲೆಯಲ್ಲಿ

ಪುತ್ತೂರು ತಾಲೂಕಿನ ಬೆಟ್ಟಂಪಾಡಿ ಕೇರಳದ ಗಡಿಗೆ ಸಮೀಪದ ಗ್ರಾಮ. ಇಲ್ಲಿಯೂ ನೆರೆಯ ಇರ್ದೆ, ಪಾಣಾಜೆಗಳಲ್ಲಿಯೂ ಮಕ್ಕಳ ಸಂತಾನದ ಮನೆಗಳು ಮತ್ತು ಅಳಿಯಸಂತಾನದ ಮನೆಗಳು ಅಡಿಕೆ ತೋಟಗಳ ಆಚೀಚೆ ನೆಲೆಸಿವೆ. ಮನೆಯ ದುಡಿಯುವ ಗಂಡಸು ಅನ್ಯರ ತಪ್ಪಿನಿಂದ ಮೃತನಾದಾಗ ನ್ಯಾಯಾಲಯದ ಮುಂದೆ ಬರುವ ಪ್ರಶ್ನೆಗಳು ಎರಡು: ತಪ್ಪು ಯಾರದು, ನಷ್ಟ ಯಾರಿಗೆ? ಮೊದಲನೆಯದಕ್ಕೆ ಎಲ್ಲೆಡೆ ಒಂದೇ ಬಗೆಯ ಸಾಕ್ಷ್ಯ ಸಾಕು. ಎರಡನೆಯದಕ್ಕೆ ತುಳುನಾಡಿನಲ್ಲಿ ಉತ್ತರ ಅಷ್ಟು ಸರಳವಲ್ಲ.

ಅಳಿಯಸಂತಾನ ಕಟ್ಟಿನಲ್ಲಿ ಸಂತತಿ ಹೆಣ್ಣಿನಿಂದ ಹರಿಯುತ್ತದೆ. ಗಂಡಸು ತನ್ನ ತಾಯಿಯ ಕುಟುಂಬದ ಸದಸ್ಯ. ಅವನ ಪತ್ನಿ ಮತ್ತು ಮಕ್ಕಳು ಆಕೆಯ ಕುಟುಂಬಕ್ಕೆ ಸೇರಿದವರು. ಅವನ ಆಶ್ರಯದಲ್ಲಿ ಬೆಳೆಯುವವರು ಸಹೋದರಿ ಮತ್ತು ಆಕೆಯ ಮಕ್ಕಳು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಸಂತತಿ ಕವರು, ನಿಸ್ಸಂತತಿ ಕವರು ಎಂಬ ವಿಭಾಗಗಳನ್ನು ಅಂಗೀಕರಿಸಿದ್ದು ಈ ತಳಹದಿಯ ಮೇಲೆಯೇ.

ಇಂತಹ ಸಮಾಜದ ಮೇಲೆ ಬಂದದ್ದು 1855ರ ಮಾರಕ ಅಪಘಾತಗಳ ಕಾಯಿದೆ. ಕೆನರಾ ಜಿಲ್ಲೆ ಆಗ ಮದರಾಸು ಆಧಿಪತ್ಯದಲ್ಲಿತ್ತು. ವ್ಯಕ್ತಿ ಸತ್ತರೆ ಅವನ ಸಾವಿನ ಬಗೆಗಿನ ದಾವೆಯ ಹಕ್ಕೂ ಇಲ್ಲವೆಂಬ ಇಂಗ್ಲಿಷ್ ನ್ಯಾಯತತ್ತ್ವದ ಕೊರತೆಯನ್ನು ಇಂಗ್ಲೆಂಡಿನಲ್ಲಿ 1846ರ ಶಾಸನ ನೀಗಿಸಿತ್ತು. ಭಾರತದ ಕಾಯಿದೆ ಅದರ ಅನುಸರಣೆ. ಇದರ ಫಲಾನುಭವಿಗಳು ಪತಿ ಅಥವಾ ಪತ್ನಿ, ತಂದೆತಾಯಿ ಮತ್ತು ಮಕ್ಕಳು. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಮಲಮಕ್ಕಳು ಕೂಡ ವ್ಯಾಖ್ಯೆಯೊಳಗೆ ಬರುತ್ತಾರೆ. ಸಹೋದರಿಯಾಗಲಿ ಸೋದರಳಿಯನಾಗಲಿ ಬರುವುದಿಲ್ಲ. ಪತ್ನಿಗೆ ಪರಿಹಾರ ದೊರೆತುದು ಅನ್ಯಾಯವೆಂದು ಇದರ ಅರ್ಥವಲ್ಲ. ಪತಿಯ ದುಡಿಮೆಯ ನೆರವು ಅವಳ ಮನೆಗೂ ಸಲ್ಲಬಹುದಿತ್ತು. ಆದರೆ ಕಟ್ಟು ಯಾರನ್ನು ಅವನ ಕುಟುಂಬವೆಂದಿತೋ ಅವರಲ್ಲಿ ತಾಯಿ ಮತ್ತು ಅಜ್ಜಿಯನ್ನುಳಿದು ಹೆಚ್ಚಿನವರೆಲ್ಲ ಹೊರಗುಳಿದರು.

ಅದೇ ಕಾಯಿದೆಯ 2ನೆಯ ಕಲಮಿನಲ್ಲಿ ಒಂದು ಪಕ್ಕದ ಬಾಗಿಲು ಇದೆ. ಮೃತನ ಆಸ್ತಿಗೆ ಆದ ನಷ್ಟವನ್ನು ಪ್ರತ್ಯೇಕವಾಗಿ ಕೇಳಬಹುದು. ಬಂದ ಹಣ ಅವನ ಆಸ್ತಿಯ ಭಾಗವಾಗುತ್ತದೆ. ಕಟ್ಟಿನಂತೆ ಉತ್ತರಾಧಿಕಾರ ನಡೆಯುತ್ತಿದ್ದ ಕಾಲದಲ್ಲಿ ಆ ಹಣ ತಾಯಿಯ ಕುಟುಂಬಕ್ಕೆ ಹರಿಯಲು ಅವಕಾಶವಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಈ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿತು. ಪತ್ನಿ, ಮಕ್ಕಳು ಮತ್ತು ತಾಯಿ ಮೊದಲನೆಯ ವರ್ಗದ ವಾರಸುದಾರರಾದರು. ಸಹೋದರಿ ಎರಡನೆಯ ವರ್ಗದ ಎರಡನೆಯ ನಮೂದಿಗೆ, ಸಹೋದರಿಯ ಮಗ ನಾಲ್ಕನೆಯ ನಮೂದಿಗೆ ಸರಿದರು. ಕೆಲಸಗಾರರ ಪರಿಹಾರಕ್ಕೆಂದು ಬಂದ 1923ರ ಕಾಯಿದೆ ಅವಿವಾಹಿತ ಸಹೋದರಿಯನ್ನು ಅವಲಂಬಿತಳೆಂದು ಒಪ್ಪಿತ್ತು. ಮದುವೆಯಾದ ಬಳಿಕವೂ ತಾಯಿಮನೆಯ ಸಂತತಿಗೆ ಬೇರಾಗಿ ಉಳಿಯುವ ತುಳುವ ಹೆಣ್ಣಿನ ಕಲ್ಪನೆ ಅದಕ್ಕೆ ಇರಲಿಲ್ಲ.

ರಸ್ತೆ ಅಪಘಾತದ ಕಾನೂನು ಬೇರೆ ದಾರಿ ಹಿಡಿಯಿತು. 1988ರ ಮೋಟಾರು ವಾಹನ ಕಾಯಿದೆಯ 166ನೆಯ ಕಲಮು ಸಂಬಂಧಗಳ ಪಟ್ಟಿ ಕೊಡದೆ 'ಕಾನೂನುಬದ್ಧ ಪ್ರತಿನಿಧಿ' ಎಂಬ ಪದವನ್ನಷ್ಟೇ ಬಳಸುತ್ತದೆ. ಅದಕ್ಕೆ ಹಿಂದಿನ 1939ರ ಕಾಯಿದೆಯಲ್ಲಿದ್ದ ಇದೇ ಪದವನ್ನು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಗುಜರಾತ್ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ವಿಶಾಲವಾಗಿ ಅರ್ಥೈಸಿ, ಮೃತನ ಸಹೋದರನ ಅರ್ಜಿಯನ್ನು ಎತ್ತಿಹಿಡಿಯಿತು. ಭಾರತೀಯ ಕುಟುಂಬದಲ್ಲಿ ಸಹೋದರ ಸಹೋದರಿಯರೂ ಸಹೋದರರ ಮಕ್ಕಳೂ ಒಬ್ಬ ದುಡಿಯುವವನನ್ನು ನೆಚ್ಚಿರುತ್ತಾರೆಂಬುದು ಅದರ ಆಧಾರ. ಸಹೋದರಿಯ ಮಕ್ಕಳ ಮಾತು ಅಲ್ಲಿ ಬಂದಿಲ್ಲವಾದರೂ ತರ್ಕ ಅವರಿಗೂ ಅನ್ವಯಿಸದಿರಲು ಕಾರಣ ಕಾಣದು. 2021ರಲ್ಲಿ ಅಳಿಯನೊಂದಿಗೆ ವಾಸವಿದ್ದ ಅತ್ತೆಯೂ ಕಾನೂನುಬದ್ಧ ಪ್ರತಿನಿಧಿಯೆಂದು ಅದೇ ನ್ಯಾಯಾಲಯ ಹೇಳಿತು.

ಆದರೆ ಅರ್ಜಿ ಹಾಕುವ ಅರ್ಹತೆ ಒಂದು, ಮೊತ್ತದ ಲೆಕ್ಕ ಇನ್ನೊಂದು. 2009ರ ಸರಳಾ ವರ್ಮ ತೀರ್ಪಿನಂತೆ ಅವಿವಾಹಿತ ಮೃತನ ಆದಾಯದಲ್ಲಿ ಅರ್ಧವನ್ನು ಅವನ ಸ್ವಂತ ಖರ್ಚೆಂದು ಕಳೆಯಲಾಗುತ್ತದೆ; ಸಹೋದರ ಸಹೋದರಿಯರನ್ನು ಸಾಮಾನ್ಯವಾಗಿ ಅವಲಂಬಿತರೆಂದು ಎಣಿಸುವುದಿಲ್ಲ. ವಿಧವೆ ತಾಯಿ ಮತ್ತು ದುಡಿಮೆಯಿಲ್ಲದ ಹಲವು ತಮ್ಮತಂಗಿಯರು ಅವನನ್ನೇ ಆಶ್ರಯಿಸಿದ್ದರೆ ಕಡಿತ ಮೂರನೆಯ ಒಂದಕ್ಕೆ ಇಳಿಯುತ್ತದೆ. ಅವಲಂಬನೆಯನ್ನು ಪುರಾವೆಯಿಂದ ತೋರಿಸಬೇಕಾದವರು ಅರ್ಜಿದಾರರೇ.

ವಿಮಾನಯಾನದ ನಿಯಮ ಇವೆರಡರ ನಡುವೆ ನಿಲ್ಲುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಸತ್ತ ದುರಂತಕ್ಕೆ ಅನ್ವಯಿಸಿದ 1972ರ ವಾಯುಸಾರಿಗೆ ಕಾಯಿದೆಯ 'ಕುಟುಂಬದ ಸದಸ್ಯ' ಎಂಬ ವ್ಯಾಖ್ಯೆಯಲ್ಲಿ ಸಹೋದರಿಯೂ ಸೇರಿದ್ದಾಳೆ, ಅವಳ ಮಕ್ಕಳಿಲ್ಲ.

ಹೀಗೆ ಸಾವು ರಸ್ತೆಯಲ್ಲಿ ಆಯಿತೋ ತೋಟದಲ್ಲೋ ವಿಮಾನದಲ್ಲೋ ಎಂಬುದರ ಮೇಲೆ ಒಂದೇ ಮನೆಯ ಸೋದರಳಿಯ ಅರ್ಜಿದಾರನಾಗುತ್ತಾನೆ ಅಥವಾ ಅಪರಿಚಿತನಾಗುತ್ತಾನೆ. ಕಾಲಮಿತಿಯೂ ಬೇರೆಬೇರೆ: 1855ರ ಕಾಯಿದೆಯ ದಾವೆಗೆ ಸಾವಿನಿಂದ ಎರಡು ವರ್ಷ, ರಸ್ತೆ ಅಪಘಾತದ ಅರ್ಜಿಗೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಆರು ತಿಂಗಳು, ಇದರ ಸಿಂಧುತ್ವವು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾಗಿದೆ. ಗಡಿಯ ಗ್ರಾಮಕ್ಕೆ ಒಂದು ಅನುಕೂಲವುಂಟು. ಅಪಘಾತ ಕಾಸರಗೋಡಿನ ರಸ್ತೆಯಲ್ಲಿ ನಡೆದಿದ್ದರೂ ಅರ್ಜಿದಾರರು ತಾವು ವಾಸವಿರುವ ಪ್ರದೇಶದ ನ್ಯಾಯಮಂಡಳಿಗೇ ಹೋಗಬಹುದು. ಅಲ್ಲಿ ಸೋದರಳಿಯನಿಗೆ ನೆರವಾಗುವುದು ಕಟ್ಟಿನ ಉಲ್ಲೇಖಕ್ಕಿಂತ ಹೆಚ್ಚಾಗಿ ಮಾವನ ಹೆಸರಿನೊಡನೆ ತನ್ನ ಹೆಸರಿರುವ ಪಡಿತರ ಚೀಟಿ, ಮಾವ ಕಟ್ಟಿದ ಶಾಲಾ ಶುಲ್ಕದ ರಸೀದಿ, ಬ್ಯಾಂಕಿನ ಲೆಕ್ಕ.